ಗಂಗಾವತಿಯಲ್ಲಿ ಸಮ ಸಮ

ನಮ್ಮಣ್ಣ ಕೊಪ್ಪಳದ ಫುಟ್ಬಾಲ್ ತಂಡದ ಗೋಲ್‌ಕೀಪರ್. ಊರಿನವರು ಅವನನ್ನು ‘ಗೋಲಿ’ ಎಂದೇ ಕರೆಯುತ್ತಿದ್ದರು. ಬಸ್ ಸ್ಟ್ಯಾಂಡಿನ ಹಿಂದೆ ಅವನದೊಂದು ಸೈಕಲ್ ಶಾಪಿತ್ತು. ಸೈಕಲ್ ಟ್ಯೂಬಿಗೆ ತೇಪೆ ಹಾಕುವ ಕೈಯಿಂದಲೇ ಚೆಂಡಿನ ಬ್ಲಾಡರಿಗೂ ತೇಪೆ ಹಾಕಿ, ಪಂಪಿನಿಂದ ಗಾಳಿ ತುಂಬಿ, ಚರ್ಮದ ಬಾಯಿಗೆ ಲೇಸು ಬಿಗಿದು, ಕಿವಿಯ ಹತ್ತಿರ ಹಿಡಿದು ಕಲ್ಲಂಗಡಿ ಹಣ್ಣು ತಟ್ಟಿ ನೋಡುವಂತೆ ತಟ್ಟಿ ನೋಡುತ್ತಿದ್ದ.

ನಮ್ಮ ಮನೆ ಮೈದಾನಕ್ಕೆ ಹೊಂದಿಕೊಂಡೇ ಇತ್ತು. ಅಡುಗೆಮನೆಯ ಕಿಟಕಿಯಿಂದ ಒಂದು ಕಡೆಯ ಗೋಲು ಪೂರ್ತಿ ಕಾಣುತ್ತಿತ್ತು. ಇನ್ನೊಂದು ಕಡೆಯದು ಬೇವಿನ ಮರಕ್ಕೆ ಮರೆಯಾಗಿತ್ತು. ದಿನಾ ಸಂಜೆ ರೊಟ್ಟಿ ಬಡಿಯುತ್ತಾ ನಾನು ಆಟ ನೋಡುತ್ತಿದ್ದೆ. ಅರ್ಧ ಆಟವನ್ನು ಕಣ್ಣಿನಿಂದ ನೋಡಿದರೆ, ಉಳಿದರ್ಧವನ್ನು ಜನರ ಕೂಗಿನಿಂದ ತಿಳಿಯುತ್ತಿದ್ದೆ. ಕಾರ್ನರ್ ಸಿಕ್ಕಾಗಿನ ಕೂಗೇ ಬೇರೆ, ಚೆಂಡು ಕಂಬಕ್ಕೆ ಬಡಿದಾಗಿನ ಕೂಗೇ ಬೇರೆ. ಹುಡುಗಿಯರು ಮೈದಾನಕ್ಕೆ ಹೋಗಿ ಗಂಡಸರ ನಡುವೆ ನಿಂತು ಆಟ ನೋಡುವುದು ಆಗ ಇರಲಿಲ್ಲ. ಆದರೂ ಕೊಪ್ಪಳದ ತಂಡದ ಮೇಲೆ ನನಗಿದ್ದ ಹುಚ್ಚು ಮೈದಾನದಲ್ಲಿ ನಿಲ್ಲುವ ಯಾವ ಗಂಡಸಿಗೂ ಕಡಿಮೆ ಇರಲಿಲ್ಲ. ಅವರು ಸೋತ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಇದು ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲೂಕುಗಳ ತಂಡಗಳನ್ನು ಸೇರಿಸಿ ಒಂದು ಕಪ್ ಇಡಬೇಕೆಂದು ಕೆಲವರು ಕೂಡಿ ತೀರ್ಮಾನಿಸಿದರು. ಯಲಬುರ್ಗಾದವರು ಹತ್ತೇ ಜನ ಬಂದು, ನಮ್ಮೂರಿನ ಒಬ್ಬನನ್ನು ಎರವಲು ತೆಗೆದುಕೊಂಡು ಆಡಿ ಸೋತು, ನಗುತ್ತಾ ಹೋದರು. ಕುಷ್ಟಗಿಯವರು ಗಂಗಾವತಿಗೆ ಸೋತರು. ಕೊನೆಗೆ ಉಳಿದದ್ದು ನಾವು ಮತ್ತು ಗಂಗಾವತಿ.

ನಮ್ಮ ಡ್ರಿಲ್ ಮಾಸ್ತರರಿಗೆ ಶಾರ್ಟ್‌ವೇವ್ ರೇಡಿಯೋದ ಹುಚ್ಚು. ಯುರೋಪಿನ ದೊಡ್ಡ ಕ್ಲಬ್ಬುಗಳ ಆಟದ ಸುದ್ದಿಯನ್ನು ಅವರು ಅಣ್ಣನ ಶಾಪಿನಲ್ಲಿ ಕುಳಿತು ಹೇಳುತ್ತಿದ್ದರು. ಅಲ್ಲಿ ಎರಡು ತಂಡಗಳು ಎರಡು ಸಲ ಆಡುತ್ತವೆ, ಒಂದು ಸಲ ಇವರೂರಲ್ಲಿ, ಒಂದು ಸಲ ಅವರೂರಲ್ಲಿ. ಎರಡೂ ಸೇರಿ ಸಮವಾದರೆ ಪರಊರಿನಲ್ಲಿ ಹೊಡೆದ ಗೋಲಿಗೆ ಎರಡರ ಬೆಲೆ. ಈ ನಿಯಮವನ್ನು ಅವರು ನಮ್ಮ ಕಪ್ಪಿನ ಫೈನಲಿಗೂ ತಂದರು. ಕಮಿಟಿಯವರೆಲ್ಲ ತಲೆಯಾಡಿಸಿ ಸಹಿ ಹಾಕಿದರು. ಪೂರ್ತಿ ಅರ್ಥವಾದದ್ದು ಡ್ರಿಲ್ ಮಾಸ್ತರರಿಗೆ ಮತ್ತು ಗಂಗಾವತಿಯಲ್ಲಿದ್ದ ನಮ್ಮಕ್ಕನ ಗಂಡನಿಗೆ ಮಾತ್ರ ಎಂದು ಆಮೇಲೆ ಗೊತ್ತಾಯಿತು.

ಅಕ್ಕನ ಗಂಡನನ್ನು ನಾವು ಮಾಮಾ ಎಂದು ಕರೆಯುತ್ತಿದ್ದೆವು. ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ದನಿ ಕಂಚಿನಂತಿತ್ತು. ಗಂಗಾವತಿಯಲ್ಲಿ ಏನೇ ಕಾರ್ಯಕ್ರಮವಾದರೂ ಮೈಕು ಅವರ ಕೈಯಲ್ಲೇ. ಫುಟ್ಬಾಲಿಗೂ ಅವರೇ.

ಮೊದಲ ಆಟ ಗಂಗಾವತಿಯಲ್ಲಿ, ಸಂಕ್ರಾಂತಿ ಮುಗಿದ ಮೇಲಿನ ಒಂದು ಭಾನುವಾರ ಬೆಳಿಗ್ಗೆ ಎಂದು ನಿಗದಿಯಾಯಿತು. ಅಕ್ಕ ಬಾಣಂತನ ಮುಗಿಸಿ, ಐದು ತಿಂಗಳ ಕೂಸಿನೊಂದಿಗೆ ಗಂಡನ ಮನೆಗೆ ಹೋಗುವುದಿತ್ತು. ಜೊತೆಗೆ ನಾನು ಹೋದೆ. ನನಗಾಗ ಇಪ್ಪತ್ತು. ಟೀಚರ್ ಟ್ರೇನಿಂಗ್ ಮುಗಿಸಿ ರಿಸಲ್ಟ್ ಕಾಯುತ್ತಿದ್ದೆ. ಅಕ್ಕನ ಮನೆ ಗಂಗಾವತಿಯ ಮೈದಾನಕ್ಕೆ ಎದುರಾಗಿತ್ತು. ಮಾಳಿಗೆ ಹತ್ತಿದರೆ ಎರಡೂ ಗೋಲು ಕಾಣುತ್ತವೆ ಎಂದು ಅಕ್ಕ ಹೇಳಿದ್ದಳು. ಎರಡೂ ಗೋಲು ಒಟ್ಟಿಗೆ ಕಾಣುವ ಜಾಗದಿಂದ ನಾನು ಅದುವರೆಗೆ ಒಂದೂ ಆಟ ನೋಡಿರಲಿಲ್ಲ.

ಆ ಭಾನುವಾರ ಬಿಸಿಲೇರುವ ಮೊದಲೇ ನಮ್ಮ ತಂಡದ ಲಾರಿ ಬಂತು. ಅಣ್ಣ ಕೆಳಗಿನಿಂದಲೇ ಕೈ ಎತ್ತಿದ. ಓಣಿಯ ಹೆಂಗಸರು ಏಳೆಂಟು ಜನ ನಮ್ಮ ಮಾಳಿಗೆಗೇ ಬಂದಿದ್ದರು. ಮೈದಾನದ ಆಚೆ ಕಾಲುವೆ, ಅದರಾಚೆ ಆಗಷ್ಟೇ ನಾಟಿ ಮಾಡಿದ ಗದ್ದೆಗಳು ನೀರು ತುಂಬಿಕೊಂಡು ಹೊಳೆಯುತ್ತಿದ್ದವು. ಜನ ಗೆರೆಗೆ ಒತ್ತಿಕೊಂಡು ನಿಂತಿದ್ದರು. ಒಬ್ಬ ಪೊಲೀಸಿನವನೂ ಕಾಣಲಿಲ್ಲ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ನಮ್ಮವರು ಗೋಲು ಹೊಡೆದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಎರಡು ಸಲ ಚಪ್ಪಾಳೆ ತಟ್ಟಿದೆ. ಮೂರನೆಯದಕ್ಕೆ ಕೈ ಎತ್ತಿದಾಗ ಇಡೀ ಮೈದಾನ ಗಪ್ಪಾಗಿದೆ ಎಂಬುದು ಗಮನಕ್ಕೆ ಬಂತು. ಅಷ್ಟು ಜನರಿದ್ದ ಕಡೆ ನನ್ನ ಚಪ್ಪಾಳೆಯೊಂದೇ ಕೇಳಿಸಿತ್ತು. ಕೆಳಗೆ ಓಣಿಯಲ್ಲಿದ್ದ ಗಂಡಸರು ತಲೆಯೆತ್ತಿ ನೋಡಿದರು. ಅಕ್ಕ ನನ್ನ ಸೆರಗು ಹಿಡಿದು ಎಳೆದು ಕೂರಿಸಿದಳು.

“ಇದು ಗಂಗಾವತಿ ಐತಿ, ಕೊಪ್ಪಳಲ್ಲ. ಕೈ ತೊಡಿ ಮ್ಯಾಲ ಇಟಗೊಂಡ ಕೂಡು” ಎಂದಳು.

ನಾನು ಕುಳಿತೆ.

ಮಧ್ಯಂತರದಲ್ಲಿ ತಂಡಗಳು ಗೋಲು ಬದಲಾಯಿಸಿದವು. ಅಣ್ಣ ಅಕ್ಕನ ಮನೆಯ ಕಡೆಯ ಗೋಲಿಗೆ ಬಂದ. ಅವನ ಬೆನ್ನ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ, ರಸ್ತೆಗೆ ಹಾಕಲು ತಂದ ಖಡಿಯ ರಾಶಿಯಿತ್ತು. ಮುಷ್ಟಿಗಾತ್ರದ ಕಪ್ಪು ಕಲ್ಲು. ಆಟ ಮತ್ತೆ ಶುರುವಾದ ಮೇಲೆ ಆ ರಾಶಿಯ ಹತ್ತಿರ ಒಬ್ಬೊಬ್ಬರೇ ಬಂದು ಬಗ್ಗಿ ಏಳುವುದು ಮಾಳಿಗೆಯಿಂದ ಕಾಣಿಸಿತು. ಮೊದಲು ಕೂರಲು ಕಲ್ಲು ತೆಗೆದುಕೊಳ್ಳುತ್ತಾರೆ ಅಂದುಕೊಂಡೆ. ಅವರು ಕೂರಲಿಲ್ಲ. ಕಲ್ಲುಗಳನ್ನು ಅಂಗಿಯ ಚುಂಗಿನಲ್ಲಿ ಕಟ್ಟಿಕೊಂಡು ಗೋಲಿನ ಹಿಂದೆ ಸಾಲಾಗಿ ನಿಂತರು. ಇಪ್ಪತ್ತು, ಇಪ್ಪತ್ತೈದು ಜನ. ಅಣ್ಣನಿಗೆ ಅವರು ಕಾಣುತ್ತಿರಲಿಲ್ಲ. ಅವನ ಕಣ್ಣು ಚೆಂಡಿನ ಮೇಲಿತ್ತು.

“ಅಕ್ಕಾ, ಅಲ್ಲಿ ನೋಡು” ಎಂದೆ. ಅವಳು ನೋಡಿ ಕೂಸನ್ನು ಎದೆಗೆ ಅವಚಿಕೊಂಡಳು.

ಪಕ್ಕದಲ್ಲಿದ್ದ ಹೆಂಗಸೊಬ್ಬಳು, ನಾನು ಯಾರೆಂದು ತಿಳಿಯದೆಯೋ ತಿಳಿದೋ, “ಕೊಪ್ಪಳದವ್ರು ಗೆದ್ರ ಲಾರಿ ಹತ್ತೂದಿಲ್ಲಂತ. ನಮ್ಮನಿಯಾವ್ರು ಮುಂಜಾನಿನ ಅಂದ್ರು” ಎಂದಳು.

ಆಮೇಲಿನ ಅರ್ಧ ಗಂಟೆ ನಾನು ಆಟ ನೋಡಲಿಲ್ಲ. ಆ ಅಂಗಿಯ ಚುಂಗುಗಳನ್ನೇ ನೋಡಿದೆ. ಅಣ್ಣ ಒಂದು ಚೆಂಡು ಹಿಡಿದ, ಇನ್ನೊಂದನ್ನು ಹಾರಿ ಗುದ್ದಿದ. ಬೇರೆ ದಿನವಾಗಿದ್ದರೆ ಅವನ್ನು ವರ್ಷಗಟ್ಟಲೆ ನೆನೆಸಿಕೊಳ್ಳುತ್ತಿದ್ದೆ. ಅಂದು ಮಾತ್ರ ಅವನು ಚೆಂಡು ಹಿಡಿದಾಗಲೆಲ್ಲ ಹಿಂದಿನ ಸಾಲು ಒಂದು ಹೆಜ್ಜೆ ಮುಂದೆ ಬರುತ್ತಿತ್ತು. ಮನಸ್ಸಿನಲ್ಲಿ ಒಂದು ಮಾತು ಬಂತು. ಬರಬಾರದು ಅಂದುಕೊಂಡರೂ ಮತ್ತೆ ಮತ್ತೆ ಬಂತು. ‘ಬಿಡಣ್ಣಾ, ಒಂದು ಬಿಡು. ಒಂದೇ ಒಂದು ಗೋಲು ಬಿಡು.’ ಹುಟ್ಟಿದಾಗಿನಿಂದ ಕೊಪ್ಪಳ ಗೆಲ್ಲಲಿ ಎಂದವಳು ಅಂದು ಕೈಮುಗಿದು ಬೇಡಿಕೊಂಡದ್ದು ಇದನ್ನು.

ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು. ಗಂಗಾವತಿಯ ಸೆಂಟರ್ ಫಾರ್ವರ್ಡ್ ರೈಸ್ ಮಿಲ್ಲಿನ ಹಮಾಲ. ಬೆನ್ನಮೇಲೆ ಭತ್ತದ ಚೀಲ ಹೊರುವ ಎತ್ತರದ ಆಳು. ದೂರದಿಂದ ಅವನು ಒಂದು ಚೆಂಡು ಹೊಡೆದ. ಜೋರಾಗಿರಲಿಲ್ಲ, ನೆಲದ ಮೇಲೆ ಉರುಳುತ್ತಾ ಬಂತು. ಅಣ್ಣ ಮಂಡಿಯೂರಿ ಕುಳಿತ. ದಿನಾ ಸಂಜೆ ನೂರು ಸಲ ಹಿಡಿಯುತ್ತಿದ್ದ ಚೆಂಡು. ಅದು ಅವನ ಕೈಗಳ ನಡುವೆ, ಕಾಲುಗಳ ನಡುವೆ ಹಾದು ಒಳಗೆ ಹೋಯಿತು.

ಮೈದಾನ ಸಿಡಿಯಿತು. ಮಾಳಿಗೆಯ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಗೋಲಿನ ಹಿಂದೆ ನಿಂತವರು ಕುಣಿಯುವ ಭರದಲ್ಲಿ ಅಂಗಿ ಕೊಡವಿದರು. ಕಲ್ಲುಗಳು ಉದುರುವುದನ್ನು ನೋಡಿ ನಾನು ಅತ್ತುಬಿಟ್ಟೆ. ಅಕ್ಕನೂ ಅಳುತ್ತಿದ್ದಳು. ಆದರೆ ಅಣ್ಣ ಇನ್ನೂ ಮಂಡಿಯ ಮೇಲೇ ಇದ್ದ, ಹಣೆ ನೆಲಕ್ಕೆ ಹಚ್ಚಿಕೊಂಡು. ಅವನನ್ನು ನೋಡಿದ ಕೂಡಲೇ ನನ್ನ ಸಮಾಧಾನ ನನಗೇ ಹೇಸಿಗೆಯಾಯಿತು.

ಅಷ್ಟರಲ್ಲಿ ಸೀಟಿ ಊದಿದರು. ಒಂದು–ಒಂದು. ಸಮ ಸಮ.

ಅಲ್ಲಿಗೇ ಮುಗಿದಿದ್ದರೆ ಎಲ್ಲರೂ ಕೈ ಕುಲುಕಿ ಮನೆಗೆ ಹೋಗುತ್ತಿದ್ದರು. ಎರಡೂ ಕಡೆಯ ಆಟಗಾರರು ನಗುತ್ತಾ ನೀರು ಕುಡಿಯುತ್ತಿದ್ದರು. ಆಗ ಮಾಮಾ ಮೈಕಿನಲ್ಲಿ ಮಾತಾಡಿದರು. ಅವರು ನ್ಯಾಯವಂತರು, ಹೇಳಬೇಕಾದ್ದನ್ನು ಬಿಡದೆ ಹೇಳುವವರು.

“ಪ್ರೇಕ್ಷಕ ಬಂಧುಗಳೇ, ಎರಡನೇ ಆಟ ಕೊಪ್ಪಳದಲ್ಲಿ ಐತಿ. ನಿಯಮದ ಪ್ರಕಾರ ಪರಊರಿನ ಗೋಲಿಗೆ ಬೆಲೆ ಹೆಚ್ಚು. ಕೊಪ್ಪಳದವ್ರು ಇಲ್ಲಿ ಒಂದು ಗೋಲು ಹೊಡದಾರ. ಅಲ್ಲಿ ಯಾರೂ ಗೋಲು ಹೊಡೀಲಿಲ್ಲ ಅಂದ್ರ ಕಪ್ ಕೊಪ್ಪಳಕ್ಕ ಹೋಗ್ತೈತಿ. ಅದಕ್ಕ ನಮ್ಮ ಹುಡುಗ್ರು ಅಲ್ಲಿ...”

ಮುಂದಿನ ಮಾತು ಕೇಳಿಸಲಿಲ್ಲ. ಮೊದಲು ಒಂದು ಗುಜುಗುಜು. ಮುಂದೆ ನಿಂತವರು ಹಿಂದಿನವರಿಗೆ ತಿಳಿಸಿ ಹೇಳುವ ಸದ್ದು. ಆಮೇಲೆ ನಾನು ಯಾವ ಆಟದಲ್ಲೂ ಕೇಳಿರದ ಕೂಗು. ಸಮವಾಯಿತೆಂದು ಕುಣಿದವರಿಗೆ ತಾವು ಹಿಂದೆ ಬಿದ್ದಿದ್ದೇವೆಂದು ಆಗ ಗೊತ್ತಾಗಿತ್ತು. ಮೈಕು ಗೊರಗೊರ ಎಂದು ನಿಂತಿತು. ಖಡಿಯ ರಾಶಿಯ ಕಡೆ ಜನ ಓಡಿದರು.

ನಾವು ಮಾಳಿಗೆಯಿಂದ ಹೇಗೆ ಇಳಿದೆವೋ ನೆನಪಿಲ್ಲ. ಏಣಿಯ ಕೊನೆಯ ಮೆಟ್ಟಿಲಲ್ಲಿ ನನ್ನ ಕಾಲು ಉಳುಕಿತು. ಒಳಗೆ ಬಂದು ಕುಳಿತಾಗ ಲಾರಿ ಗುರ್ ಎಂದು ಶುರುವಾದದ್ದು, ಅದರ ಹಲಗೆಗೆ ಕಲ್ಲು ಬೀಳುತ್ತಿದ್ದದ್ದು ಕೇಳಿಸಿತು. ಕೆಲವು ಕ್ಷಣದಲ್ಲಿ ಮಾಮಾ ಬಂದರು. ಅಂಗಿಯ ತೋಳು ಹರಿದಿತ್ತು. ಬಾಗಿಲು ಹಾಕಿ ಅಗಳಿ ಜಡಿದರು.

“ನನ್ನ ತಮ್ಮ ಎಲ್ಲಿದಾನ್ರಿ?” ಅಕ್ಕ ಕೇಳಿದಳು.

“ಲಾರಿ ಹೋತು. ಅದರಾಗ ಹೋಗ್ಯಾನ.”

“ನೀವು ನೋಡಿದ್ರೇನು?”

ಅಷ್ಟರಲ್ಲಿ ಮಂದಿ ಮನೆಯ ಮುಂದೆ ಬಂದಿದ್ದರು.

“ಮೈಕಿನ ಸಾಹೇಬ್ರನ್ನ ಹೊರಗ ಕಳಸ್ರಿ!”

“ಹೆಂಡ್ತಿ ತಮ್ಮಗ ಕಪ್ ಕೊಡಾಕ ಕಾನೂನು ಮಾಡ್ಯಾನ!”

ಬಾಗಿಲಿಗೆ ಒಂದು ಕಲ್ಲು ಬಿತ್ತು. ಕೂಸು ಚೀರಿತು. ಮಾಮಾ ಗೋಡೆಗೆ ಆನಿಕೊಂಡು ನಿಂತಿದ್ದರು. ಆ ಕಂಚಿನ ದನಿ ಎಲ್ಲಿ ಹೋಯಿತೋ, “ನಾ ಏನ್ ಮಾಡೀನಿ, ಇದ್ದದ್ದು ಹೇಳೀನಿ” ಎಂದು ಪಿಸುಗುಟ್ಟುತ್ತಿದ್ದರು.

ಆಗ ಹಿತ್ತಲಲ್ಲಿ ಧಪ್ಪೆಂದು ಸದ್ದಾಯಿತು. ಯಾರೋ ಗೋಡೆ ಹಾರಿದ್ದರು. ಹಿಂದಿನಿಂದಲೂ ಬಂದರು ಅಂದುಕೊಂಡು ನಾನು ಒಲೆಯ ಹತ್ತಿರದ ಕಟ್ಟಿಗೆ ಹಿಡಿದು, ಕುಂಟುತ್ತಾ ಹಿತ್ತಲ ಬಾಗಿಲಿಗೆ ಹೋದೆ. ಸಂದಿಯಿಂದ ನೋಡಿದರೆ ಅಣ್ಣ. ಎದೆಯವರೆಗೆ ಗದ್ದೆಯ ಕೆಸರು, ಕಾಲಲ್ಲಿ ಬೂಟಿಲ್ಲ. ಲಾರಿ ಹತ್ತಲಾಗದೆ ಕಾಲುವೆ ದಾಟಿ ಗದ್ದೆಗೆ ಬಿದ್ದು, ಸುತ್ತು ಹಾಕಿ, ಊರಿನಲ್ಲಿ ತನಗೆ ಗೊತ್ತಿದ್ದ ಒಂದೇ ಮನೆಗೆ ಬಂದಿದ್ದ.

ಅವನು ಸಿಕ್ಕಿದನಲ್ಲ ಎಂಬ ಸಂತೋಷ ಒಂದು ಉಸಿರಿನಷ್ಟು ಹೊತ್ತೂ ಉಳಿಯಲಿಲ್ಲ. ಮುಂದಿನ ಬಾಗಿಲಲ್ಲಿ ಮಂದಿ, ಒಳಗೆ ಅವನು. ಬಾಗಿಲು ಮುರಿದರೆ ಅವರಿಗೆ ಮಾಮಾ ಬೇಕಾಗುವುದಿಲ್ಲ, ಇವನು ಸಾಕು. ಅಡುಗೆಮನೆಯ ಆಚೆ ಭತ್ತದ ಚೀಲ ಒಟ್ಟುವ ಕತ್ತಲ ಕೋಣೆಯಿತ್ತು. ಅವನನ್ನು ಅದರೊಳಗೆ ತಳ್ಳಿ, ಚೀಲಗಳ ಹಿಂದೆ ಕೂರಿಸಿ, ನಾನೂ ಪಕ್ಕದಲ್ಲಿ ಕುಳಿತೆ. ಅವನ ಹಲ್ಲು ಕಟಕಟ ಅನ್ನುತ್ತಿತ್ತು. ನನಗಿಂತ ಆರು ವರ್ಷ ದೊಡ್ಡವನು. ಅವನು ಹೆದರಿದ್ದನ್ನು ಅದುವರೆಗೆ ನಾನು ನೋಡಿರಲಿಲ್ಲ.

ಏನು ತಿಳಿದು ಕೇಳಿದೆನೋ, “ಅಣ್ಣಾ, ಆ ಗೋಲು ಬೇಕಂತ ಬಿಟ್ಟೇನು?” ಎಂದೆ.

ಕತ್ತಲಲ್ಲಿ ಅವನ ಮುಖ ಕಾಣಲಿಲ್ಲ. “ಇಲ್ಲವಾ. ಹಿಂದ ಕಲ್ಲು ಹಿಡಕೊಂಡು ನಿಂತಾರಂತ ನನಗ ಗೊತ್ತಿತ್ತು. ಒಬ್ಬರ ಕೈಯಾಗಿಂದ ಒಂದು ಕಲ್ಲು ಜಾರಿ ಬಿತ್ತು, ಆ ಸಪ್ಪಳ ಕೇಳಿಸ್ತು. ಅದ ಹೊತ್ತಿಗೆ ಚೆಂಡು ಬಂತು. ಹಿಡೀಬೇಕಂತನ ಕುಂತೆ. ಕೈ ನನ್ನ ಮಾತು ಕೇಳಲಿಲ್ಲ.”

“ನಾ ಬಿಡು ಅಂತ ಬೇಡಕೊಂಡಿದ್ದೆ.”

“ಬೇಡಕೊಂಡದ್ದ ಛಲೋ ಆತು” ಎಂದ. ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ.

ಹೊರಗೆ ಬಾಗಿಲು ಗುದ್ದುವ ಸದ್ದು ಹೆಚ್ಚಾಯಿತು. ಆಗ ಅಕ್ಕನ ಅತ್ತೆ ಎದ್ದರು. ಅರವತ್ತು ದಾಟಿದ ಹೆಂಗಸು. ಅಲ್ಲಿಯವರೆಗೆ ಅವರು ಅಡುಗೆಮನೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಕಾಯಿ ಸುಲಿಯುವ ಬೆರಳು ಒಮ್ಮೆಯೂ ನಿಂತಿರಲಿಲ್ಲ. ಧೈರ್ಯವಲ್ಲ, ಕೈ ನಿಲ್ಲಿಸಿದರೆ ಎದೆ ಒಡೆಯುತ್ತಿತ್ತು ಎಂದು ಆಮೇಲೆ ಅವರೇ ಹೇಳಿದರು. ಮಗನನ್ನು ಬದಿಗೆ ಸರಿಸಿ ತಾವೇ ಅಗಳಿ ತೆಗೆದು ಹೊಸ್ತಿಲಲ್ಲಿ ನಿಂತರು. ಕೋಣೆಯ ಬಾಗಿಲ ಸಂದಿಯಿಂದ ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

“ಯಾರಪಾ ಅದು ಬಾಗಿಲ ಗುದ್ದಾವ? ನೀನೇನು? ನೀ ಹಾಲಿನಾಕಿ ಮಗ ಅಲ್ಲ? ಒಳಗ ಐದು ತಿಂಗಳ ಕೂಸೈತಿ. ಅದಕ್ಕೂ ಹೊಡಿಯವ್ರೇನು?”

“ನೀ ಸರಿ ಅಜ್ಜಿ. ನಿನ್ನ ಮಗನ್ನ ಕರಿ.”

“ಅಂವ ಬರೂದಿಲ್ಲ. ಅಂವಗ ಜ್ವರ ಬಂದಾವ.”

ಯಾರೋ ನಕ್ಕರು. ಯಾರೋ ಬೈದರು. ಇನ್ನೊಂದು ಕಲ್ಲು ಹಾರಿ ಬಂದು ಅವರ ತಲೆಯ ಮೇಲಿನ ಚೌಕಟ್ಟಿಗೆ ಬಡಿಯಿತು. ಅವರು ಬಗ್ಗಲಿಲ್ಲ. ಆದರೆ ಹಿಂದೆ ಕಟ್ಟಿಕೊಂಡಿದ್ದ ಅವರ ಕೈಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದಿದ್ದವೆಂದರೆ ಬೆರಳ ತುದಿ ಬೆಳ್ಳಗಾಗಿತ್ತು. ಅಣ್ಣ ಎದ್ದು ಹೊರಗೆ ಹೋಗಲು ನೋಡಿದ. ನಾನು ಅವನ ಕೆಸರು ಅಂಗಿಯನ್ನು ಎರಡೂ ಕೈಯಿಂದ ಹಿಡಿದು ತೂಗಿಬಿದ್ದೆ.

“ಬಿಡು. ಆ ಮುದುಕಿಗೆ ಹೊಡಿತಾರ.”

“ನೀ ಹೋದ್ರ ಎಲ್ಲಾರಿಗೂ ಹೊಡಿತಾರ. ಕೂಡಣ್ಣಾ, ನಿನ್ನ ಕಾಲ ಬೀಳ್ತೀನಿ.”

ಅಷ್ಟರಲ್ಲಿ ಹೊರಗಿನ ಗದ್ದಲದ ರೀತಿ ಬದಲಾಯಿತು. ಯಾರಿಗೋ ದಾರಿ ಬಿಡುವ ಸದ್ದು. ಗಂಗಾವತಿಯ ಗೋಲು ಹೊಡೆದ ಆ ಹಮಾಲ, ಆಟದ ಬಟ್ಟೆಯಲ್ಲೇ, ಬೆವರು ಒರೆಸಿಕೊಳ್ಳುತ್ತಾ ಬಂದ. ಗಂಗಾವತಿಗೆ ಕಾಲುವೆ ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಮಗ ಅವನು. ಬಂದವನೇ ಅಕ್ಕನ ಮನೆಯ ಕಟ್ಟೆಯ ಮೇಲೆ ಕುಳಿತುಬಿಟ್ಟ.

“ಏಮ್ರಾ, ಇಲ್ಲೇನು ಜಾತ್ರಿ?” ಎಂದ.

“ನಮಗ ಮೋಸ ಆಗೇತಿ. ನೀ ಗೋಲು ಹೊಡದ್ರೂ ಸುಳ್ಳಾತು.”

“ಆಡಿದಾಂವ ನಾನು. ಮೋಸ ಆದ್ರ ನನಗ ಆಗಬೇಕು. ನಾ ಕೊಪ್ಪಳಕ್ಕ ಹೋಗ್ತೀನಿ, ಅಲ್ಲಿ ಗೋಲು ಹೊಡಿತೀನಿ. ಇವತ್ತು ನೀವು ಇವರ ಮನಿಗೆ ಕಲ್ಲು ಹೊಡದ್ರ, ಅವತ್ತು ಅವ್ರು ನನ್ನ ಕಾಲಿಗೆ ಹೊಡಿತಾರ. ಆಮ್ಯಾಲ ಗೋಲು ನೀ ಹೊಡಿತೀಯೇನು?”

ಅವನು ಎದ್ದು ಹೋಗಲಿಲ್ಲ. “ಅಜ್ಜೀ, ಒಂದು ತಂಬಿಗಿ ನೀರು ಕೊಡ್ರಿ” ಎಂದ. ಕುಡಿದು, ಬೂಟು ಬಿಚ್ಚಿ, ಕಾಲು ಚಾಚಿ, ಇಡೀ ದಿನ ಅಲ್ಲೇ ಇರುವವನಂತೆ ಗೋಡೆಗೆ ಒರಗಿದ. ಮಂದಿ ಸ್ವಲ್ಪ ಹೊತ್ತು ನಿಂತರು. ಬಿಸಿಲು ಚುರುಕಾಗಿತ್ತು. ಮೊದಲು ಹಿಂದಿನವರು, ಆಮೇಲೆ ಮುಂದಿನವರು ಕರಗಿದರು.

ಓಣಿ ಖಾಲಿಯಾದ ಮೇಲೆ ಅವನು ತಲೆ ತಿರುಗಿಸದೆ, ಒಳಗಿನವರಿಗಷ್ಟೇ ಕೇಳುವಂತೆ ಮೆಲ್ಲಗೆ ಹೇಳಿದ. “ನಿಮ್ಮ ಗೋಲಿಯ ಕೆಸರಿನ ಹೆಜ್ಜಿ ಹಿತ್ತಲ ಗ್ವಾಡಿ ಮ್ಯಾಲ ಅದಾವು. ಒರಸ್ರಿ.”

ನಾನು ಹಿತ್ತಲಿಗೆ ಹೋಗಿ ಒದ್ದೆ ಅರಿವೆಯಿಂದ ಗೋಡೆ ಒರೆಸಿದೆ. ಹೊರಗೆ ಯಾವ ಸದ್ದೂ ಇರಲಿಲ್ಲ. ಆದರೂ ಒಂದೊಂದು ಹೆಜ್ಜೆ ಒರೆಸುವಾಗಲೂ ಓಣಿಯ ಕಡೆ ತಿರುಗಿ ನೋಡುತ್ತಿದ್ದೆ.

ಮಧ್ಯಾಹ್ನದ ಬಸ್ಸಿಗೆ ಅಣ್ಣ ಮತ್ತು ನಾನು ಕೊಪ್ಪಳಕ್ಕೆ ಹೊರಟೆವು. ಅಣ್ಣ ಮಾಮಾ ಅವರ ಧೋತರ, ಅಂಗಿ ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡಿದ್ದ. ಹಮಾಲ ಬಸ್ ಸ್ಟ್ಯಾಂಡಿನವರೆಗೆ ನಮ್ಮ ಹಿಂದೆ ಹತ್ತು ಮಾರು ದೂರದಲ್ಲಿ ನಡೆದು ಬಂದ. ಬಸ್ಸು ತುಂಬಿತ್ತು. ಅಣ್ಣನ ಪಕ್ಕ ಕುಳಿತ ಒಬ್ಬ ಗಂಗಾವತಿಯವನು ದಾರಿಯುದ್ದಕ್ಕೂ ಆಟದ ಮಾತೇ ಆಡಿದ.

“ಆ ಕೊಪ್ಪಳದ ಗೋಲಿ ಕೈಗೆ ಸಿಕ್ಕಿದ್ದಂದ್ರ ಇವತ್ತಿಗೆ ಅವನ ಕತಿ ಮುಗೀತಿತ್ತು ನೋಡ್ರಿ” ಎಂದ.

“ಹೌದ್ರಿ” ಎಂದ ಅಣ್ಣ.

“ಆದ್ರ ಕೊನಿಗೆ ಎಂಥಾ ಚೆಂಡು ಬಿಟ್ಟ! ನಮ್ಮ ಹುಡುಗಿ ಹಿಡಿತಿದ್ಲು.”

“ಖರೇರಿ.”

ನಾನು ಕಿಟಕಿಯ ಹೊರಗೆ ನೋಡುತ್ತಾ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಆ ಮನುಷ್ಯ ಹಿಟ್ನಾಳ ಕ್ರಾಸಿನಲ್ಲಿ ಇಳಿದು, ಅಣ್ಣನಿಗೆ ಕೈಮುಗಿದು ಹೋದ. ಬಸ್ಸು ಹೊರಟ ಮೇಲೆ ಅಣ್ಣ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಕೊಪ್ಪಳ ಬರುವವರೆಗೂ ತೆಗೆಯಲಿಲ್ಲ.

ಕೊಪ್ಪಳದಲ್ಲಿ ನಮ್ಮವರು ಗೆದ್ದು ಬಂದವರಂತೆ ಹಲಗೆ ಬಾರಿಸುತ್ತಿದ್ದರು. ಅಣ್ಣನನ್ನು ಕಂಡ ಕೂಡಲೇ ಹೆಗಲ ಮೇಲೆ ಎತ್ತಿಕೊಂಡರು. ಲಾರಿಯಲ್ಲಿ ಹೋದ ಇಬ್ಬರ ತಲೆಗೆ ಪಟ್ಟಿ ಕಟ್ಟಿತ್ತು. ಪರಊರಿನಲ್ಲಿ ಹೊಡೆದ ಗೋಲು ನಮ್ಮ ಹತ್ತಿರವಿದೆ, ಇನ್ನು ಸುಮ್ಮನೆ ಗೋಲು ಕಾಯ್ದರೆ ಸಾಕು, ಕಪ್ ನಮ್ಮದು. ನನಗೂ ಹಿಗ್ಗಾಗಬೇಕಿತ್ತು. ಒಂದಿಷ್ಟು ಆಯಿತು ಕೂಡ. ಆದರೆ ಆ ಗದ್ದಲದ ನಡುವೆ ಒಬ್ಬರು “ಬರ್ಲಿ ಮಕ್ಕಳು ನಮ್ಮೂರಿಗೆ, ನಮ್ಮಲ್ಲೂ ಕಲ್ಲ ಅದಾವು” ಎಂದದ್ದು ಕೇಳಿಸಿತು. ಎಲ್ಲರೂ ಹೋ ಎಂದರು. ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದ ಆ ಹಮಾಲನ ನೆನಪಾಗಿ ನಾನು ಅಲ್ಲಿ ನಿಲ್ಲದೆ ಮನೆಗೆ ನಡೆದೆ.

ಎರಡು ವಾರದ ನಂತರ ಎರಡನೇ ಆಟ. ಆ ಹದಿನಾಲ್ಕು ದಿನ ನಾನು ನೆಟ್ಟಗೆ ಉಂಡಿರಲಿಲ್ಲ. ಅಣ್ಣನೂ ಉಂಡಿರಲಿಲ್ಲ. ಆಟದ ದಿನ ಬೆಳಕು ಹರಿಯುತ್ತಲೇ ಅವನು ಎರಡು ಬುಟ್ಟಿ ತೆಗೆದುಕೊಂಡು ಹೊರಟ.

“ಎಲ್ಲಿಗೆ?”

“ಕಲ್ಲ ಆರಸಾಕ. ಬರ್ತಿಯೇನು?”

ಡ್ರಿಲ್ ಮಾಸ್ತರರು ಆಗಲೇ ಮೈದಾನದಲ್ಲಿದ್ದರು. ಮೂವರೂ ಗೆರೆಯ ಸುತ್ತ ಬಗ್ಗಿ ಬಗ್ಗಿ ಕಲ್ಲು ಆರಿಸಿದೆವು. ಕೊಪ್ಪಳದ ಮೈದಾನದಲ್ಲಿ ಕಲ್ಲು ಮುಗಿಯುವುದುಂಟೆ! ಬೆನ್ನು ನೋಯುವವರೆಗೆ ಆರಿಸಿ, ಬಾವಿಯ ಹಿಂದಿನ ಹಳ್ಳಕ್ಕೆ ಸುರಿದು ಬಂದೆವು. ನಾನು ಮೈದಾನದ ನಡುವೆ ಕಾಲಿಟ್ಟದ್ದು ಅದೇ ಮೊದಲು.

ಗಂಗಾವತಿಯವರ ಲಾರಿ ಬಂತು. ಮಾಮಾ ಬಂದು ನಮ್ಮ ಮನೆಯಲ್ಲಿ ಕುಳಿತರು. ಮೈಕು ಮುಟ್ಟುವುದಿಲ್ಲ ಎಂದು ಅಕ್ಕನಿಗೆ ಮಾತು ಕೊಟ್ಟು ಬಂದಿದ್ದರಂತೆ. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತೆ. ಮೊದಲರ್ಧದಲ್ಲಿ ಅಣ್ಣ ಕಾಣುತ್ತಿದ್ದ, ಎಲ್ಲ ಚೆಂಡನ್ನೂ ಹಿಡಿದ. ಎರಡನೆಯ ಅರ್ಧಕ್ಕೆ ಅವನು ಬೇವಿನ ಮರದ ಆಚೆ ಹೋದ. ಆಮೇಲೆ ನನಗೆ ಕೇಳುವುದಷ್ಟೇ ಉಳಿಯಿತು. ಕೂಗು ಏರಿತು, ಇಳಿಯಿತು. ಇನ್ನೇನು ಮುಗಿಯುತ್ತದೆ, ಸೊನ್ನೆ–ಸೊನ್ನೆ, ಕಪ್ ನಮ್ಮದು ಅಂದುಕೊಳ್ಳುವಾಗ ಒಮ್ಮೆಗೇ ಎಲ್ಲ ನಿಂತಿತು. ಎಲ್ಲೋ ಒಂದು ಮೂಲೆಯಲ್ಲಿ ಹತ್ತು ಹನ್ನೆರಡು ಜನರ ಕೂಗು ಮಾತ್ರ.

“ಗೋಲು ಹೊಡದ್ರು” ಎಂದೆ.

ಮಾಮಾ ಎದ್ದು ನಿಂತರು. ಸಂತೋಷಪಡಬೇಕಾದವರ ಮುಖ ಬಿಳಿಚಿತ್ತು. “ಇನ್ನ ನಮ್ಮ ಹುಡುಗ್ರ ಗತಿ ಏನು?” ಎಂದರು.

ಹಮಾಲ ತಲೆಯಿಂದ ಹೊಡೆದ ಗೋಲು ಅದು. ಸೀಟಿ ಊದಿದ ಮೇಲೆ ನಮ್ಮ ಜನ ಅವರ ಲಾರಿಯ ಕಡೆ ಹೊರಟದ್ದು ಕಿಟಕಿಯಿಂದ ಕಂಡಿತು. ಕೈಯಲ್ಲಿ ಕಲ್ಲಿರಲಿಲ್ಲ. ಆದರೆ ಕೆಲವರು ಬೇಲಿಯ ಗೂಟ ಕಿತ್ತಿದ್ದರು. ಅಷ್ಟರಲ್ಲಿ ಮರದ ಮರೆಯಿಂದ ಅಣ್ಣ ಓಡಿಬಂದ. ಗಂಗಾವತಿಯವರನ್ನು ಒಬ್ಬೊಬ್ಬರನ್ನಾಗಿ ಲಾರಿ ಹತ್ತಿಸಿ, ಕೊನೆಗೆ ತಾನೂ ಹತ್ತಿ, ಹಿಂದಿನ ಹಲಗೆಯ ಮೇಲೆ ಮುಖ ನಮ್ಮ ಕಡೆ ಮಾಡಿ ನಿಂತ. ಎರಡೂ ಕೈ ಅಗಲಿಸಿದ್ದ, ಗೋಲಿನಲ್ಲಿ ನಿಲ್ಲುವಂತೆ. ಅವನಿಗೆ ಹೊಡೆಯದೆ ಅವರಿಗೆ ಹೊಡೆಯಲಾಗುತ್ತಿರಲಿಲ್ಲ. ಬೈಗುಳ ಬಿದ್ದವು, ಗೂಟ ಬೀಳಲಿಲ್ಲ. ಲಾರಿ ಹಾಗೇ ಊರು ದಾಟಿತು.

ಅಣ್ಣ ಹಿಟ್ನಾಳದವರೆಗೆ ಹೋಗಿ, ಯಾರದೋ ಟ್ರಾಕ್ಟರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಮರಳಿದ. ಅಲ್ಲಿಯವರೆಗೆ ನಾನು ಬಾಗಿಲು ಬಿಟ್ಟು ಕದಲಿರಲಿಲ್ಲ. ಅವನು ಕಾಲು ತೊಳೆದು, ಎಲ್ಲರೂ ಸುರಕ್ಷಿತ ಎಂದು ಮಾಮಾಗೆ ಹೇಳಿ, ಊಟಕ್ಕೆ ಕುಳಿತ. ನಾನು ರೊಟ್ಟಿ ಹಾಕಿದೆ.

“ಸೋತ್ವಿ” ಎಂದ.

ಎರಡು ವಾರದಿಂದ ಆ ಮಾತು ನನ್ನ ತಲೆಗೇ ಬಂದಿರಲಿಲ್ಲ. ಯಾರಿಗೆ ಕಲ್ಲು ಬೀಳುತ್ತದೋ, ಯಾರ ತಲೆ ಒಡೆಯುತ್ತದೋ ಎಂಬುದೇ ತುಂಬಿಕೊಂಡಿತ್ತು. ಈಗ ಎಲ್ಲರೂ ಅವರವರ ಮನೆಯಲ್ಲಿದ್ದರು. ಕೊನೆಯ ಐದು ನಿಮಿಷ ಗೋಲು ಕಾಯ್ದಿದ್ದರೆ ಕಪ್ ನಮ್ಮದಾಗುತ್ತಿತ್ತಲ್ಲ ಎಂದು ಆಗ ಹೊಳೆಯಿತು. ನಾನು ಒಲೆಯ ಮುಂದೆ ಕುಳಿತು ಜೋರಾಗಿ ಅತ್ತೆ. ಅಣ್ಣ ಸಮಾಧಾನ ಮಾಡಲಿಲ್ಲ. ರೊಟ್ಟಿ ಮುರಿದು ಹಿಡಿದುಕೊಂಡು, ಆ ಚೆಂಡು ಹೇಗೆ ಬಂತು, ತಾನು ಯಾವ ಕಡೆ ಹಾರಬೇಕಿತ್ತು ಎಂದು ಮೊದಲಿನಿಂದ ಹೇಳತೊಡಗಿದ.